ಬೀಗ ಹಾಕಿದ ಮನೆಯ ಓಟು

ಗುರುಮಠಕಲ್ ಕಡೆಯ ಒಂದು ಹಳ್ಳಿಯಲ್ಲಿ ನಾನು ಅಂಗನವಾಡಿ ನಡೆಸುತ್ತೇನೆ. ಊರವರಿಗೆಲ್ಲ ನಾನು ಅಕ್ಕೋರು. ಜೊತೆಗೆ ಬಿಎಲ್‌ಒ ಕೆಲಸವೂ ಇದೆ, ಅಂದರೆ ಮತಗಟ್ಟೆ ಮಟ್ಟದ ಅಧಿಕಾರಿ. ಯಾರು ತೀರಿಕೊಂಡರು, ಯಾರು ಊರು ಬಿಟ್ಟರು, ಯಾರಿಗೆ 18 ತುಂಬಿತು, ನಮ್ಮ ಮತಗಟ್ಟೆಯ ಈ ಲೆಕ್ಕವೆಲ್ಲ ನನ್ನದು.

ಶುರುವಿನಲ್ಲೇ ಒಂದು ತಪ್ಪು ಮಾಡಿದೆ. ತೊಗರಿ ರಾಶಿ ಮುಗಿದರೆ ನಮ್ಮೂರಿನ ಎಷ್ಟೋ ಮನೆಗಳು ಗುಳೆ ಹೋಗುತ್ತವೆ. ಬೆಂಗಳೂರು, ಪುಣೆ, ಮುಂಬೈ. ಪಟ್ಟಿ ಹಿಡಿದು ಮನೆ ಮನೆ ಸುತ್ತುವಾಗ ಒಂದು ಮನೆಗೆ ಬೀಗ. ‘ಅವ್ರು ಬೆಂಗಳೂರಾಗೇ ಇರ್ತಾರ್ರಿ, ಇನ್ನ ಬರಂಗಿಲ್ಲ’ ಅಂದಳು ಪಕ್ಕದ ಮನೆಯವಳು. ನಾನು ಹಾಗೇ ವರದಿ ಬರೆದೆ. ಹೆಸರು ತೆಗೆಯುವ ನೋಟಿಸನ್ನು ಬಾಗಿಲಿಗೆ ಅಂಟಿಸಿದೆ. ಬೀಗ ನೋಟಿಸು ಓದುತ್ತದಾ?

2018ರ ಮೇ 12, ವಿಧಾನಸಭೆಗೆ ಮತದಾನ. ಆ ಮನೆಯ ತಾಯಿ, ಮಗ, ಸೊಸೆ ರಾತ್ರಿ ರೈಲಿಗೆ ಬಂದು ಯಾದಗಿರಿಯಲ್ಲಿ ಇಳಿದು ಊರಿಗೆ ಬಂದರು. ಗುರುತಿನ ಚೀಟಿ ಕೈಯಲ್ಲಿತ್ತು, ಪಟ್ಟಿಯಲ್ಲಿ ಹೆಸರಿರಲಿಲ್ಲ. ಹೆಸರಿಲ್ಲ ಅಂದರೆ ಚೀಟಿ ಇದ್ದೂ ಓಟಿಲ್ಲ. ಮೂರು ದಿನದ ಕೂಲಿ ಬಿಟ್ಟು ಬಂದಿದ್ದರು. ‘ಊರಾಗ ನಮ್ಮ ಮನಿ ಅದ, ಹೆಸರ ಹ್ಯಾಂಗ ಇಲ್ರಿ ಅಕ್ಕೋರ?’ ಅಂದಳು ಆ ತಾಯಿ, ಅಷ್ಟೇ. ಬೈದಿದ್ದರೆ ಚೆನ್ನಾಗಿತ್ತು.

ದುಡಿಯಲು ಹೋಗಿ ಹಬ್ಬಕ್ಕೆ ಬರುವವರು ಊರು ಬಿಟ್ಟವರಲ್ಲ. ಆಮೇಲೆ ಒಂದು ನೋಟ್‌ಬುಕ್ ಇಟ್ಟೆ. ಬೀಗದ ಮನೆಗಳ ಮೊಬೈಲ್ ನಂಬರು ಅದರಲ್ಲಿ. ಬೀಗ ಕಂಡರೆ ಈಗ ಮೊದಲು ಫೋನ್ ಮಾಡುತ್ತೇನೆ. ಎಳ್ಳ ಅಮಾವಾಸ್ಯೆಗೆ, ಮೊಹರಂಗೆ ಅವರು ಬಂದೇ ಬರುತ್ತಾರೆ. ಹೊಲದಲ್ಲಿ ಚರಗ ಚೆಲ್ಲಿ ಊಟಕ್ಕೆ ಕೂತ ಕಡೆ ನಾನೂ ಹೋಗುತ್ತೇನೆ. ಸಜ್ಜಿ ರೊಟ್ಟಿ, ಭಜ್ಜಿ ಹಾಕಿಸಿಕೊಂಡು ಚೀಲದಿಂದ ಫಾರಂ ತೆಗೆಯುತ್ತೇನೆ. ‘ಅಕ್ಕೋರು ಇಲ್ಲಿಗೂ ಬಂದ್ರು’ ಅಂತ ನಗುತ್ತಾರೆ, ಆದರೆ ತುಂಬುತ್ತಾರೆ. ಹೊಸ ಹೆಸರಿಗೆ ಫಾರಂ 6. ಮೊದಲು ಜನವರಿ 1ಕ್ಕೆ 18 ಆಗಿರಬೇಕಿತ್ತು. 2022ರಿಂದ ಏಪ್ರಿಲ್, ಜುಲೈ, ಅಕ್ಟೋಬರ್ 1 ಕೂಡ ಲೆಕ್ಕಕ್ಕಿವೆ.

ಸೊಸೆಯಂದಿರದೇ ಜಾಸ್ತಿ ತಲೆನೋವು. ತವರಿನ ಪಟ್ಟಿಯಲ್ಲಿ ಹೆಸರಿರುತ್ತದೆ, ಇಲ್ಲಿ ಮತ್ತೆ ಫಾರಂ 6 ಕೊಡುತ್ತಾರೆ. ಎರಡು ಕಡೆ ಹೆಸರಿರುವಂತಿಲ್ಲ. ಫಾರಂ 8 ತುಂಬಿದರೆ ಹೆಸರು ತವರಿನಿಂದ ಇಲ್ಲಿಗೆ ಬರುತ್ತದೆ.

ಹುಡುಗರ ಪ್ರಶ್ನೆ ಬೇರೆ. ‘ನನ್ನ ಒಂದು ಓಟಿಗೆ ಏನಾಗ್ತದ್ರಿ?’ ನಾನು ಚಾಮರಾಜನಗರ ಕಡೆಯ ಸಂತೇಮರಹಳ್ಳಿ ಕ್ಷೇತ್ರದ ಕಥೆ ಹೇಳುತ್ತೇನೆ. 2004ರ ವಿಧಾನಸಭೆ ಚುನಾವಣೆಯಲ್ಲಿ ಅಲ್ಲಿ ಗೆದ್ದವರಿಗೆ 40,752 ಮತ, ಸೋತವರಿಗೆ 40,751. ಸೋತವರ ಕಾರಿನ ಡ್ರೈವರೇ ಓಟು ಹಾಕಿರಲಿಲ್ಲವಂತೆ. ‘ಅದು ಯಾವಾಗೋ ಒಮ್ಮೆ’ ಅಂದ ಒಬ್ಬ. ಅದೂ ನಿಜ. ಆಗ ಅವನ 371ಜೆ ಸರ್ಟಿಫಿಕೇಟ್ ನೆನಪಿಸಿದೆ, ನಮ್ಮ ಕಲ್ಯಾಣ ಕರ್ನಾಟಕದವರಿಗೆ ನೌಕರಿ, ಕಾಲೇಜು ಸೀಟಿನಲ್ಲಿ ಮೀಸಲಾತಿ ಕೊಡಿಸುವ ಕಾಗದ. ನೇಮಕಾತಿ ಬಂತೆಂದರೆ ಇವರೆಲ್ಲ ಅದಕ್ಕೇ ಅಲ್ವಾ ಓಡಾಡುವುದು? ವೈಜನಾಥ ಪಾಟೀಲರಂಥವರು ವರ್ಷಗಟ್ಟಲೆ ಹೋರಾಡಿದರು, ಆಮೇಲೆ 2012ರಲ್ಲಿ ಸಂಸತ್ತು ಅದಕ್ಕಾಗಿ ಸಂವಿಧಾನದ ತಿದ್ದುಪಡಿಗೆ ಒಪ್ಪಿತು. ‘ರಾಜಕೀಯ ನಮಗ್ಯಾಕ’ ಅಂತ ಎಲ್ಲರೂ ಮನೆಯಲ್ಲಿ ಕೂತಿದ್ದರೆ ಆ ಕಾಗದವೇ ಇರುತ್ತಿರಲಿಲ್ಲ. ಹುಡುಗ ಸುಮ್ನೆ ತಲೆ ಕೆರೆದುಕೊಂಡ. ಫಾರಂ ಮಾತ್ರ ಇಸಿದುಕೊಂಡ. ಯಾರಿಗೆ ಹಾಕಬೇಕು ಅಂತ ನಾನು ಹೇಳುವುದಿಲ್ಲ. ಬಿಎಲ್‌ಒ ಹೇಳುವಂತೆಯೂ ಇಲ್ಲ.

2024ರ ಮೇ 7, ಲೋಕಸಭೆಗೆ ಮತದಾನ. ನಮ್ಮ ಜಿಲ್ಲೆ ಯಾದಗಿರಿ, ಆದರೆ ಗುರುಮಠಕಲ್ ಕ್ಷೇತ್ರ ಸೇರುವುದು ಕಲಬುರಗಿಗೆ. ಯಾದಗಿರಿ, ಶಹಾಪುರ, ಸುರಪುರ ರಾಯಚೂರಿಗೆ. ನಮ್ಮ ಸಂಸದರು ಯಾರು ಅಂತ ಕೇಳಿದರೆ ಊರಲ್ಲಿ ಅರ್ಧ ಜನ ತಡವರಿಸುತ್ತಾರೆ. ಹಿಂದಿನ ದಿನ ಬೆಂಗಳೂರಿನಿಂದ ಫೋನ್: ‘ಯಾರಾದ್ರೂ ಗಾಡಿ ಮಾಡಿಸ್ತಾರೇನ್ರಿ?’ ಅಭ್ಯರ್ಥಿ ಮತದಾರರಿಗೆ ಗಾಡಿ ಮಾಡಿಸುವುದನ್ನು ಕಾನೂನು ಒಪ್ಪುವುದಿಲ್ಲ, ನಿಮ್ಮ ಖರ್ಚಿನಲ್ಲೇ ಬರ್ರಿ ಅಂದೆ.

ಬಿಸಿಲಿಗೆ ಮಧ್ಯಾಹ್ನ ಮತಗಟ್ಟೆ ಖಾಲಿ ಹೊಡೆಯಿತು. ಐದರ ಮೇಲೆ ಆ ತಾಯಿ ಬಂದಳು, 2018ರವಳು. ಸಾಲಿಗೆ ಹೋಗದೆ ನೇರ ನನ್ನ ಮೇಜಿಗೇ ಬಂದಳು. ಅವಳಿಗೆ ಓದು ಬರುವುದಿಲ್ಲ. ‘ಹೆಸರ ಎಲ್ಲಿ ಅದ, ಮೊದಲ ತೋರಸ್ರಿ’ ಅಂದಳು. ಪುಟ ತಿರುಗಿಸಿ ತೋರಿಸಿದೆ. ಅದರ ಮೇಲೆ ಬೆರಳಿಟ್ಟು ಒಂದು ಗಳಿಗೆ ನೋಡಿದಳು. ಆಮೇಲೆ ಸಾಲಿಗೆ ಹೋಗಿ ನಿಂತಳು.