ಎಲೆತುಕ್ಕಿನ ಬೆನ್ನು ಹತ್ತಿ: ಚಿಕ್ಕಮಗಳೂರಿನಲ್ಲಿದ್ದುಕೊಂಡೇ ವಿಜ್ಞಾನದ ಚರಿತ್ರೆ

ನಾನು ಚಿಕ್ಕಮಗಳೂರಿನ ಡಿಗ್ರಿ ಕಾಲೇಜೊಂದರಲ್ಲಿ ಸಸ್ಯಶಾಸ್ತ್ರ ಪಾಠ ಮಾಡುತ್ತೇನೆ. ಕೆಲವು ವರ್ಷಗಳಿಂದ ನನ್ನ ಬಿಡುವೆಲ್ಲ ಕಾಫಿಯ ಎಲೆತುಕ್ಕು ರೋಗದ ಚರಿತ್ರೆಗೇ ಮೀಸಲಾಗಿದೆ. ಆ ರೋಗವನ್ನು ವಿಜ್ಞಾನಿಗಳು, ಬೆಳೆಗಾರರು, ತೋಟದ ಆಳುಗಳು ಹೇಗೆ ಹೇಗೆ ಅರ್ಥ ಮಾಡಿಕೊಂಡರು ಅನ್ನುವುದು ನನ್ನ ಕುತೂಹಲ. ಇದನ್ನು ಕಲಿಸುವ ವಿಭಾಗ ನಮ್ಮ ಸುತ್ತಮುತ್ತಲ ಕಾಲೇಜುಗಳಲ್ಲಿಲ್ಲ. "ಮೇಡಂ, ನಮಗೂ ಆಸಕ್ತಿ ಇದೆ, ಎಲ್ಲಿಂದ ಶುರು ಮಾಡೋದು?" ಅಂತ ವಿದ್ಯಾರ್ಥಿಗಳು ಕೇಳುತ್ತಾರೆ. ಅವರಿಗಾಗಿ ನಾನು ಮಾಡಿದ್ದನ್ನು ಬರೆಯುತ್ತಿದ್ದೇನೆ.

ಶುರು ಮಾಡಿದ್ದು ದುಡ್ಡು ಕೊಡದೆ ಸಿಗುವ ಓದಿನಿಂದ. ಎಲೆತುಕ್ಕು ಸಿಲೋನಿನ ತೋಟಗಳಲ್ಲಿ ಕಾಣಿಸಿಕೊಂಡು, ಇಂಗ್ಲೆಂಡಿನ ಶಿಲೀಂಧ್ರತಜ್ಞ ಬರ್ಕ್ಲಿ ಆ ರೋಗ ತರುವ ಶಿಲೀಂಧ್ರಕ್ಕೆ ಹೆಮಿಲಿಯಾ ವ್ಯಾಸ್ಟಾಟ್ರಿಕ್ಸ್ ಎಂದು ಹೆಸರಿಟ್ಟದ್ದು 1869ರಲ್ಲಿ. ಅದೇ ವರ್ಷ ಮದರಾಸಿನಲ್ಲಿ ಬಿಡಿ ಎಂಬ ವೈದ್ಯರು ದಕ್ಷಿಣ ಭಾರತದ ಕಾಫಿ ತೋಟಗಳ ಇನ್ನೊಂದು ಪಿಡುಗಾದ ಕಾಂಡಕೊರಕ ಹುಳುವಿನ ಮೇಲೆ ವರದಿ ಕೊಟ್ಟರು. 1880ರಿಂದ 1882ರವರೆಗೆ ಸಸ್ಯವಿಜ್ಞಾನಿ ಮಾರ್ಷಲ್ ವಾರ್ಡ್ ಸಿಲೋನಿನಲ್ಲಿದ್ದು ತುಕ್ಕು ಬೀಜಕಣಗಳಿಂದ ಹರಡುವ ಬಗೆಯನ್ನು ಬಿಡಿಸಿಟ್ಟರು. ಇಂಥ ಹಳೆಯ ಬರಹಗಳಿಗಾಗಿ ನಾನು ಬಯೋಡೈವರ್ಸಿಟಿ ಹೆರಿಟೇಜ್ ಲೈಬ್ರರಿ ಮತ್ತು ಇಂಟರ್ನೆಟ್ ಆರ್ಕೈವ್ ನೋಡುತ್ತೇನೆ. ಎರಡೂ ಎಲ್ಲರಿಗೂ ತೆರೆದಿವೆ. ಒಂದು ವಿಷಯದ ಮೇಲೆ ಈವರೆಗೆ ಯಾರು ಏನು ಬರೆದಿದ್ದಾರೆ ಎಂದು ತಿಳಿಯಲು ಐಸಿಸ್‌ಸಿಬಿ ಎಂಬ ಗ್ರಂಥಸೂಚಿ ಇದೆ. ಜಾರ್ಜ್ ಸಾರ್ಟನ್ 1912ರಲ್ಲಿ ಕಟ್ಟಿದ, ವಿಜ್ಞಾನ ಚರಿತ್ರೆಗೇ ಮೀಸಲಾದ 'ಐಸಿಸ್' ಪತ್ರಿಕೆಯ ಸೂಚಿಗಳೇ ಬೆಳೆದು ಈ ರೂಪ ತಳೆದಿವೆ. ಭಾರತದ ಮಟ್ಟಿಗೆ ಮೊದಲು ತೆಗೆಯಬೇಕಾದದ್ದು ಭಾರತೀಯ ರಾಷ್ಟ್ರೀಯ ವಿಜ್ಞಾನ ಅಕಾಡೆಮಿ 1966ರಿಂದ ತರುತ್ತಿರುವ 'ಇಂಡಿಯನ್ ಜರ್ನಲ್ ಆಫ್ ಹಿಸ್ಟರಿ ಆಫ್ ಸೈನ್ಸ್'. ಅದರ ಹಳೆಯ ಸಂಚಿಕೆಗಳನ್ನು ಪುಕ್ಕಟೆಯಾಗಿ ಓದಬಹುದು.

ಹುಡುಕುವಾಗ ನೆನಪಿಡಬೇಕಾದ್ದೊಂದಿದೆ. ನಮ್ಮ ಜಿಲ್ಲೆ ಆಗ 'ಕಡೂರು ಡಿಸ್ಟ್ರಿಕ್ಟ್'. ಸಕಲೇಶಪುರದ ಕಡೆಯ ತೋಟಗಳು ಬೇಕಿದ್ದರೆ 'ಮಂಜರಾಬಾದ್' ಎಂದೇ ಹುಡುಕಬೇಕು. ಈ ಹೆಸರುಗಳು ಗೊತ್ತಿಲ್ಲದವರಿಗೆ ನಮ್ಮೂರಿನ ಅರ್ಧ ಚರಿತ್ರೆ ಕಣ್ಣಿಗೇ ಬೀಳುವುದಿಲ್ಲ. ಬೆಂಗಳೂರಿನ ರಾಜ್ಯ ಪತ್ರಾಗಾರದಲ್ಲಿ ಮೈಸೂರು ಸರ್ಕಾರದ ಹಳೆಯ ಕಡತಗಳನ್ನು ಕೇಳುವಾಗಲೂ ಇದೇ ಮಾತು.

ಇಷ್ಟೆಲ್ಲ ಓದಿದ ಮೇಲೆ ಒಂದು ಪ್ರಶ್ನೆ ಗಟ್ಟಿಯಾಯಿತು. 1911ರಲ್ಲಿ ಮೈಸೂರು ಸೀಮೆಯ ತೋಟವೊಂದರಲ್ಲಿ ಕೆಂಟ್ ಎಂಬ ಬೆಳೆಗಾರ ತುಕ್ಕು ಹತ್ತದ ಗಿಡ ಗುರುತಿಸಿದ. ಅದರ ಸಂತತಿಯೇ ಕೆಂಟ್ಸ್ ತಳಿ, ಎಲ್ಲರೂ ನೆಟ್ಟರು. ಕೆಲವೇ ವರ್ಷಗಳಲ್ಲಿ ಅದಕ್ಕೂ ತುಕ್ಕು ಬಂತು. ಯಾಕೆ ಎಂಬುದಕ್ಕೆ ಉತ್ತರ ಸಿಕ್ಕಿದ್ದು 1925ರಲ್ಲಿ ಬಾಳೆಹೊನ್ನೂರಿನಲ್ಲಿ ಶುರುವಾದ ಪ್ರಯೋಗ ಕೇಂದ್ರದಲ್ಲಿ. ಅಲ್ಲಿದ್ದ ವಿಜ್ಞಾನಿ ಮೇನ್, ಈ ಶಿಲೀಂಧ್ರದಲ್ಲೇ ಬೇರೆ ಬೇರೆ ಒಳಬಗೆಗಳಿವೆ (ಇಂಗ್ಲಿಷಿನಲ್ಲಿ 'ರೇಸ್'), ಒಂದನ್ನು ತಡೆಯುವ ಗಿಡ ಇನ್ನೊಂದಕ್ಕೆ ಸೋಲಬಹುದು ಎಂದು 1932ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಬರೆದರು. ನಮ್ಮ ತೋಟಗಳ ಎಸ್.795 ಕಾಫಿ ತಳಿಯ ಹಿಂದೆ ಇರುವುದು ಆ ಕಾಲದ ಕೆಲಸವೇ. ಹಾಗಾದರೆ 1932ಕ್ಕಿಂತ ಮುಂಚೆ ತೋಟದವರಿಗೆ ಏನು ಗೊತ್ತಿತ್ತು? ಇದು ಯಾವ ಅಚ್ಚಾದ ವರದಿಯಲ್ಲೂ ನನಗೆ ಸಿಗಲಿಲ್ಲ.

ಸಿಕ್ಕಿದ್ದು ಆಲ್ದೂರು ಕಡೆಯ ಒಂದು ಮನೆಯ ಅಟ್ಟದಲ್ಲಿ. ಅಲ್ಲಿನ ಗೌಡರು ನನ್ನ ವಿದ್ಯಾರ್ಥಿಯೊಬ್ಬಳ ದೊಡ್ಡಪ್ಪ. "ನೋಡವ್ವ, ಹುಳ ತಿಂದಿದ್ದು ಬಿಟ್ಟು ಏನಾದ್ರೂ ಉಳಿದಿದ್ರೆ ನಿಂದೇ" ಎಂದು ಏಣಿ ಹಾಕಿಕೊಟ್ಟರು. ತೋಟದ ರೈಟರು, ಅಂದರೆ ಗುಮಾಸ್ತರು, ಬರೆದ ಚೆಕ್‌ರೋಲುಗಳು (ಆಳುಗಳ ಹಾಜರಿ ಪುಸ್ತಕ), ಖರ್ಚಿನ ಪುಸ್ತಕಗಳು. ಒಂದೊಂದು ಸಾಲಿನಲ್ಲೂ ಇಷ್ಟು ಆಳು, ಇಂಥ ಬ್ಲಾಕು, ಇಂಥ ಕೆಲಸ. ಮಳೆಗಾಲಕ್ಕೆ ಮುಂಚಿನ ಪುಟಗಳಲ್ಲಿ ಮೈಲುತುತ್ತ (ತಾಮ್ರದ ಸಲ್ಫೇಟ್), ಸುಣ್ಣ, ನೀರು ಹೊರುವವರ ಕೂಲಿ. ಮೇನ್ ಅವರ ಬರಹಕ್ಕಿಂತ ಹಿಂದಿನ ಪುಟಗಳಲ್ಲೇ ಕೆಂಟ್ಸ್ ಬ್ಲಾಕಿಗೂ ಔಷಧಿ ಹೊಡೆಸಿದ ಲೆಕ್ಕವಿದೆ. ಯಾಕೆ ಹೊಡೆಸಿದರೆಂದು ರೈಟರು ಬರೆದಿಲ್ಲ. ಆದರೆ ರೋಗ ತಗಲದ ಗಿಡಕ್ಕೆ ದುಡ್ಡು ಸುರಿಯುವ ತೋಟ ಯಾವುದೂ ಇಲ್ಲ. ಒಂದೇ ತೋಟದ ಲೆಕ್ಕ ಇದು, ಇದರ ಮೇಲೆ ದೊಡ್ಡ ತೀರ್ಮಾನ ಕಟ್ಟಲಾಗದು. ಇಂಥ ಇನ್ನಷ್ಟು ಪುಸ್ತಕ ಸಿಕ್ಕರೆ ಕಟ್ಟಬಹುದು.

ಅದೇ ತೋಟದಲ್ಲಿ ಔಷಧಿ ಕಲಸುತ್ತಿದ್ದ ಹಿರಿಯರೊಬ್ಬರು ಇನ್ನೂ ಲೈನ್ ಮನೆಯಲ್ಲಿದ್ದಾರೆ. ಮೈಲುತುತ್ತ, ಸುಣ್ಣ ಕಲಸಿದ ಬೋರ್ಡೋ ದ್ರಾವಣ ಸರಿಯಾಗಿದೆಯೇ ಎಂದು ಹೇಗೆ ನೋಡುತ್ತಿದ್ದಿರಿ ಎಂದು ಕೇಳಿದೆ. ಎದ್ದು ಹೋಗಿ ಚಾಕು ತಂದರು. "ಇದನ್ನ ಉಜ್ಜಿ ಹೊಳೆಯೋ ಹಂಗೆ ಮಾಡಿ ಅದ್ರಲ್ಲಿ ಅದ್ದೋದು. ಕೆಂಪಡರಿದ್ರೆ ಸುಣ್ಣ ಸಾಲ್ದು ಅಂತ. ಹಂಗೇ ಹೊಡೆದ್ರೆ ಎಲೆ ಸುಟ್ಟೋಗ್ತದೆ." ಸುಣ್ಣ ಕಡಿಮೆಯಾಗಿ ಕರಗಿದ ತಾಮ್ರ ಉಳಿದರೆ ಅದು ಕಬ್ಬಿಣದ ಮೇಲೆ ಕೂರುತ್ತದೆ. ನಾನು ತರಗತಿಯಲ್ಲಿ ಹೇಳುವ ರಸಾಯನಶಾಸ್ತ್ರವೇ ಇದು. ಫ್ರಾನ್ಸಿನ ದ್ರಾಕ್ಷಿ ತೋಟಗಳಲ್ಲಿ 1880ರ ದಶಕದಲ್ಲಿ ಹುಟ್ಟಿದ ದ್ರಾವಣವೊಂದು ಅದರ ಪರೀಕ್ಷೆಯ ಸಮೇತ ಮಲೆನಾಡಿನ ಕೂಲಿಯವರ ಕೈಗೆ ಬಂದಿತ್ತು. ಆ ಮಾತನ್ನು ಫೋನಿನಲ್ಲಿ ಧ್ವನಿಮುದ್ರಿಸಿಕೊಂಡೆ, ಅವರ ಒಪ್ಪಿಗೆ ಬರೆಸಿಕೊಂಡೆ. ಒಪ್ಪಿಗೆಯ ಕಾಗದ ದಯವಿಟ್ಟು ಮರೆಯಬೇಡಿ. ಮುಂದೆ ಯಾವ ಪತ್ರಾಗಾರಕ್ಕೆ ಕೊಡುವುದಿದ್ದರೂ ಮೊದಲು ಕೇಳುವುದು ಅದನ್ನೇ.

ಅವಕಾಶಗಳ ವಿಷಯಕ್ಕೆ ಬಂದರೆ, ಕೈಯಲ್ಲಿ ಇಂಥ ಸ್ವಂತ ಸಾಮಗ್ರಿ ಇದ್ದವರಿಗೇ ಬಾಗಿಲು ಬೇಗ ತೆರೆಯುತ್ತದೆ ಅನ್ನುವುದು ನನ್ನ ಅನುಭವ. ಬರೀ ಆಸಕ್ತಿ ಇದೆ ಎಂದು ಬರೆದ ಪತ್ರಗಳಿಗೆ ನನಗೆ ಉತ್ತರ ಬಂದಿರಲಿಲ್ಲ. ಚೆಕ್‌ರೋಲಿನ ಒಂದು ಪುಟದ ಫೋಟೊ ಜೊತೆಗಿಟ್ಟು ಬರೆದ ಮೇಲೆ ಬಂತು. ಮೇಲೆ ಹೇಳಿದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಯ ವಿಜ್ಞಾನ ಚರಿತ್ರೆಯ ಆಯೋಗ ಸಂಶೋಧನಾ ಯೋಜನೆಗಳಿಗೆ ಧನಸಹಾಯ ಕೊಡುತ್ತದೆ. ನಶಿಸುತ್ತಿರುವ ಕಾಗದಪತ್ರಗಳನ್ನು ಡಿಜಿಟಲ್ ಮಾಡಲು ಬ್ರಿಟಿಷ್ ಲೈಬ್ರರಿ 2004ರಿಂದ ನಡೆಸುತ್ತಿರುವ ಎಂಡೇಂಜರ್ಡ್ ಆರ್ಕೈವ್ಸ್ ಪ್ರೋಗ್ರಾಂ ಇದೆ. ಅದರಲ್ಲಿ ಮೂಲ ಪ್ರತಿ ದೇಶ ಬಿಟ್ಟು ಹೋಗುವುದಿಲ್ಲ. ತೋಟದ ಮನೆಯವರಿಗೆ ಧೈರ್ಯ ಕೊಡುವ ಮಾತು ಇದೊಂದೇ. ಬ್ರಿಟನ್ನಿನ ಪತ್ರಾಗಾರಗಳಲ್ಲಿ ಸ್ವಲ್ಪ ಕಾಲ ಕೂತು ಓದಲು ಚಾರ್ಲ್ಸ್ ವಾಲೇಸ್ ಇಂಡಿಯಾ ಟ್ರಸ್ಟಿನ ನೆರವು ಕೇಳಬಹುದು. ಪತ್ರಾಗಾರದ ಕೆಲಸವನ್ನು ಹತ್ತಿರದಿಂದ ನೋಡಬೇಕೆನ್ನುವವರು ಬೆಂಗಳೂರಿನ ಎನ್‌ಸಿಬಿಎಸ್ (ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರ) ಆರ್ಕೈವ್ಸ್‌ಗೆ ಹೋಗಿ. ಇತ್ತೀಚಿನ ವಿಜ್ಞಾನಿಗಳ ಕಾಗದಪತ್ರ ಅಲ್ಲಿವೆ.

ಕಾಫಿಯೇ ಆಗಬೇಕೆಂದಿಲ್ಲ. ಭೌತಶಾಸ್ತ್ರದ ಮಕ್ಕಳಿಗೆ ಶಾಸನಗಳಿವೆ. ಎಪಿಗ್ರಾಫಿಯಾ ಕರ್ನಾಟಿಕ ಎಂಬ ಶಾಸನ ಸಂಗ್ರಹದ ಹಳೆಯ ಆವೃತ್ತಿಯಲ್ಲಿ 5ನೇ ಸಂಪುಟ ಹಾಸನದ್ದು, 6ನೇದು ನಮ್ಮದು. ಗ್ರಹಣದ ದಿನ ದಾನ ಕೊಟ್ಟೆವೆಂದು ಹೇಳುವ ಶಾಸನಗಳ ತಿಥಿಗಳನ್ನು ನಾಸಾದ ಗ್ರಹಣ ಪಟ್ಟಿಯೊಂದಿಗೆ ಹೋಲಿಸಬಹುದು. ಇಲ್ಲಿಗೆ ಕಾಣದ ಗ್ರಹಣವನ್ನೂ ಹೇಳುವ ಶಾಸನ ಸಿಕ್ಕರೆ, ಅದನ್ನು ನೋಡಿ ಅಲ್ಲ, ಲೆಕ್ಕ ಹಾಕಿ ತಿಳಿದಿರಬೇಕು; ಆಗ ಆ ಊರಲ್ಲಿ ಗಣಿತ ಮಾಡುವವರು ಯಾರಿದ್ದರು ಎಂಬ ಪ್ರಶ್ನೆ ಏಳುತ್ತದೆ. ಹಾಸನದವರಿಗೆ ಇನ್ನೂ ಹತ್ತಿರದ್ದು ಉಪಗ್ರಹಗಳನ್ನು ನಿಯಂತ್ರಿಸುವ ಇಸ್ರೋದ ಮುಖ್ಯ ನಿಯಂತ್ರಣ ಕೇಂದ್ರ. 1982ರಿಂದ ಅದರ ಜೊತೆ ಬೆಳೆದ ಊರಿನ ನೆನಪುಗಳನ್ನು ಹೇಳುವವರು ಈಗ ನಿವೃತ್ತರಾಗಿ ಮನೆಯಲ್ಲಿದ್ದಾರೆ, ಕೇಳಿ ಬರೆದುಕೊಳ್ಳಲು ಇದೇ ಸಮಯ.

ನಾನೀಗ ಮೂಡಿಗೆರೆ, ಸಕಲೇಶಪುರ ಕಡೆಯ ತೋಟಗಳ 1932ಕ್ಕಿಂತ ಹಿಂದಿನ ಪುಸ್ತಕಗಳನ್ನು ಹುಡುಕುತ್ತಿದ್ದೇನೆ. ಮನೆ ಕೆಡವುವಾಗ, ಪಾಲಾಗುವಾಗ ಇವು ಗುಜರಿಗೆ ತೂಕಕ್ಕೆ ಹೋಗುತ್ತಿವೆ. ನಿಮ್ಮ ಅಟ್ಟದಲ್ಲಿ ಇದ್ದರೆ ಬಿಸಿಲಿಗೆ ಹಾಕಬೇಡಿ, ಟೇಪು ಅಂಟಿಸಬೇಡಿ. ಒಣಗಿದ ಬಟ್ಟೆಯಲ್ಲಿ ಸುತ್ತಿ, ಯಾವ ತೋಟ, ಯಾವ ವರ್ಷ ಎಂದು ಚೀಟಿಯಲ್ಲಿ ಪೆನ್ಸಿಲಿನಿಂದ ಬರೆದು ಇಟ್ಟಿರಿ.