ಜೋನಿ ಬೆಲ್ಲದ ಓಟ್ಸ್ ಬಾರ್: ಜಗಿಯುವ ಹದ ಹಿಡಿಯುವ ಬಗೆ

ಮನೆಯಲ್ಲಿ ಮಾಡಿದ ಓಟ್ಸ್ ಬಾರ್ ಬಗ್ಗೆ ಸಾಮಾನ್ಯವಾಗಿ ಕೇಳಿಬರುವ ದೂರು ಎರಡು: ಒಂದೋ ಅದು ಹಲ್ಲಿಗೆ ಬಗ್ಗದಷ್ಟು ಗಟ್ಟಿಯಾಗುತ್ತದೆ, ಇಲ್ಲವೇ ಕೈಗೆತ್ತಿಕೊಂಡ ಕೂಡಲೇ ಪುಡಿಪುಡಿಯಾಗಿ ಉದುರುತ್ತದೆ. ಇವೆರಡರ ನಡುವಿನ, ಮೆತ್ತಗಿದ್ದೂ ನಿಧಾನವಾಗಿ ಜಗಿಯಬೇಕಾದ ಹದವು ಓವನ್ನಿಗಿಂತ ಹೆಚ್ಚಾಗಿ ಪಾಕವನ್ನು ಅವಲಂಬಿಸಿದೆ. ಬ್ರಿಟನ್ನಿನಲ್ಲಿ ಫ್ಲ್ಯಾಪ್‌ಜ್ಯಾಕ್ ಎಂಬ ಹೆಸರಿನಲ್ಲಿ ಮನೆಮಾತಾಗಿರುವ ಈ ತಿಂಡಿಗೆ ಅಲ್ಲಿನವರು ಓಟ್ಸ್ ಮತ್ತು ಬೆಣ್ಣೆಯೊಂದಿಗೆ ಗೋಲ್ಡನ್ ಸಿರಪ್ ಬಳಸುತ್ತಾರೆ. 1880ರ ದಶಕದಲ್ಲಿ ಲಂಡನ್ನಿನ ಸಕ್ಕರೆ ಕಾರ್ಖಾನೆಯೊಂದರಲ್ಲಿ ರೂಪುಗೊಂಡ ಆ ಸಿರಪ್ಪಿಗಾಗಿ ಶಿವಮೊಗ್ಗದ ಅಂಗಡಿಗಳನ್ನು ಸುತ್ತುವ ಅಗತ್ಯ ನಮಗಿಲ್ಲ. ತೆಳ್ಳೇವಿಗೆ, ದೋಸೆಗೆ ನೆಂಚಿಕೊಳ್ಳಲೆಂದು ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆಯ ಮನೆಗಳಲ್ಲಿ ಡಬ್ಬ ತುಂಬಿಸಿಡುವ, ಗಟ್ಟಿಯಾಗದೆ ದ್ರವವಾಗಿಯೇ ಇರುವ ಜೋನಿ ಬೆಲ್ಲ ಅದೇ ಕೆಲಸವನ್ನು ಮಾಡುತ್ತದೆ, ರುಚಿಯಲ್ಲಂತೂ ಒಂದು ಕೈ ಮೇಲೆಯೇ.

ಇದಕ್ಕೆ ಕಾರಣವಿದೆ. ಉಂಡೆ ಬೆಲ್ಲಕ್ಕಾಗಿ ಕಬ್ಬಿನ ಹಾಲನ್ನು ಸುಮಾರು 118 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯಿಸಿದರೆ, ಜೋನಿಗೆ 105 ಡಿಗ್ರಿಯ ಆಸುಪಾಸಿನಲ್ಲೇ ಕೊಪ್ಪರಿಗೆ ಇಳಿಸುತ್ತಾರೆ. ಹೀಗಾಗಿ ಅದರಲ್ಲಿ ನೀರಿನಂಶ ಉಳಿದಿರುತ್ತದೆ. ಜೊತೆಗೆ, ಕುದಿಯುವಾಗ ಸಕ್ಕರೆಯ ಒಂದಷ್ಟು ಭಾಗ ಗ್ಲೂಕೋಸ್ ಮತ್ತು ಫ್ರಕ್ಟೋಸ್ ಆಗಿ ಒಡೆದಿರುತ್ತದೆ. ಇವು ಪಾಕ ಹರಳುಗಟ್ಟುವುದನ್ನು ತಡೆಯುತ್ತವೆ ಮತ್ತು ತೇವವನ್ನು ಹಿಡಿದಿಟ್ಟುಕೊಳ್ಳುತ್ತವೆ. ಬರೀ ಸಕ್ಕರೆ ಹಾಕಿ ಮಾಡಿದ ಬಾರ್ ಮರುದಿನಕ್ಕೆ ಬಿರುಸಾಗುವುದು ಈ ಗುಣ ಇಲ್ಲದಿರುವುದರಿಂದಲೇ. ಜೋನಿ ಸಿಗದವರು ಉಂಡೆ ಬೆಲ್ಲವನ್ನು ಸ್ವಲ್ಪ ನೀರಿನಲ್ಲಿ ಕರಗಿಸಿ, ಸೋಸಿ, ಅರ್ಧ ಚಮಚ ನಿಂಬೆರಸ ಹಾಕಿ ಜೋನಿಯಷ್ಟು ದಪ್ಪವಾಗುವವರೆಗೆ ಕುದಿಸಿಕೊಳ್ಳಬಹುದು.

20 ಸೆಂಟಿಮೀಟರ್ ಅಳತೆಯ ಚೌಕಾಕಾರದ ಒಂದು ಟ್ರೇಗೆ 250 ಗ್ರಾಂ ಓಟ್ಸ್, 200 ಗ್ರಾಂ ಜೋನಿ ಬೆಲ್ಲ, 120 ಗ್ರಾಂ ಬೆಣ್ಣೆ, ಕಾಲು ಚಮಚ ಉಪ್ಪು, ನಾಲ್ಕು ಏಲಕ್ಕಿಯ ಪುಡಿ ಹಾಗೂ ಗೋಡಂಬಿ ಚೂರು, ಕೊಬ್ಬರಿ ತುರಿ ಎರಡೂ ಸೇರಿ 75 ಗ್ರಾಂ ಬೇಕು. ಗೋಡಂಬಿ, ಕೊಬ್ಬರಿ ಇದಕ್ಕಿಂತ ಹೆಚ್ಚಾದರೆ ಪಾಕ ಸಾಲದೆ ಬಾರ್ ಒಡೆಯುತ್ತದೆ.

ಓಟ್ಸ್ ಕೊಳ್ಳುವಾಗ ಪ್ಯಾಕೆಟ್ಟಿನ ಮೇಲೆ ‘ರೋಲ್ಡ್’ ಎಂದಿರುವುದನ್ನು ಗಮನಿಸಬೇಕು. ಹಬೆಯಲ್ಲಿ ಬೇಯಿಸಿ ಒತ್ತಿ ಚಪ್ಪಟೆ ಮಾಡಿದ ಇದಕ್ಕೂ ‘ಇನ್‌ಸ್ಟಂಟ್’ ಓಟ್ಸಿಗೂ ಇರುವ ವ್ಯತ್ಯಾಸ ಗಟ್ಟಿ ಅವಲಕ್ಕಿಗೂ ಪೇಪರ್ ಅವಲಕ್ಕಿಗೂ ಇರುವಂಥದ್ದು. ತೆಳುವಾದದ್ದು ಪಾಕ ತಾಗಿದೊಡನೆ ಮುದ್ದೆಯಾಗಿ ಜಗಿಯಲು ಏನೂ ಉಳಿಯುವುದಿಲ್ಲ. ಓಟ್ಸನ್ನು ದಪ್ಪ ತಳದ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಐದಾರು ನಿಮಿಷ, ಬಣ್ಣ ತಿರುಗುವ ಮೊದಲೇ ಪರಿಮಳ ಬರುವವರೆಗೆ ಹುರಿಯಬೇಕು. ಅದರಲ್ಲಿ ಒಂದು ಹಿಡಿಯಷ್ಟನ್ನು ಮಿಕ್ಸಿಯಲ್ಲಿ ಪುಡಿ ಮಾಡಿ ಮತ್ತೆ ಬೆರೆಸಿದರೆ, ಆ ಹಿಟ್ಟು ಸಂದುಗಳನ್ನು ತುಂಬಿ ಬಾರನ್ನು ಹಿಡಿದು ನಿಲ್ಲಿಸುತ್ತದೆ.

ಬೆಣ್ಣೆಯ ಬದಲು ತುಪ್ಪ ಹಾಕುವವರು 100 ಗ್ರಾಂ ಹಾಕಿದರೆ ಸಾಕು, ಏಕೆಂದರೆ ಬೆಣ್ಣೆಯಲ್ಲಿ ಸುಮಾರು ಆರನೇ ಒಂದು ಭಾಗ ನೀರೇ ಇರುತ್ತದೆ. ಆದರೆ ನಮ್ಮ ಚಳಿಗಾಲದ ಬೆಳಗಿನಲ್ಲಿ ತುಪ್ಪ ಹೆಪ್ಪುಗಟ್ಟಿ ಬಾರ್ ಗಡುಸಾಗುವುದರಿಂದ, ಬೆಣ್ಣೆಗೇ ನನ್ನ ಮತ.

ಈಗ ಪಾಕ. ಡಬ್ಬದ ತಳದಲ್ಲಿ ಹರಳು ಕೂತಿರುವ ಸಾಧ್ಯತೆ ಇರುವುದರಿಂದ ಜೋನಿಯನ್ನು ಮೊದಲು ಚೆನ್ನಾಗಿ ಕಲಕಿಕೊಂಡು, ಕಸವಿದ್ದರೆ ಬೆಚ್ಚಗೆ ಮಾಡಿ ಸೋಸಿ, ಸಣ್ಣ ಉರಿಯಲ್ಲಿ ಮೂರು ನಾಲ್ಕು ನಿಮಿಷ ಕುದಿಸಬೇಕು. ಮೇಲೆ ಅಲ್ಲಲ್ಲಿ ಏಳುತ್ತಿದ್ದ ದೊಡ್ಡ ಗುಳ್ಳೆಗಳು ಕ್ರಮೇಣ ಸಣ್ಣದಾಗಿ, ಒತ್ತೊತ್ತಾಗಿ, ಪಾತ್ರೆಯ ತುಂಬ ನೊರೆಯಂತೆ ಏರತೊಡಗಿದಾಗ ಬಟ್ಟಲಿನ ತಣ್ಣೀರಿಗೆ ಒಂದು ಹನಿ ಬಿಟ್ಟು ನೋಡಬೇಕು. ಹನಿ ಕರಗಿ ನೀರಿಗೆ ಬಣ್ಣ ಬಿಟ್ಟರೆ ಇನ್ನೂ ಆಗಿಲ್ಲ ಎಂದರ್ಥ. ತಳಕ್ಕಿಳಿದು ಮೆತ್ತಗೆ ಕೂತು, ಬೆರಳಿನಿಂದ ಒತ್ತಿದರೆ ಹರಡಿಕೊಳ್ಳುವಂತಿದ್ದರೆ ಹದ ಬಂದಿದೆ. ಉಂಡೆ ಪಾಕಕ್ಕೆ ಖಂಡಿತ ಹೋಗಬಾರದು. ಓವನ್ನಿನಲ್ಲಿಯೂ ಪಾಕ ಏರುತ್ತದೆ ಎಂಬುದನ್ನು ಮರೆಯುವವರ ಬಾರೇ ಕಲ್ಲಾಗುವುದು. ಹದ ಬಂದ ಕೂಡಲೇ ಉರಿ ಆರಿಸಿ ಬೆಣ್ಣೆ, ಉಪ್ಪು, ಏಲಕ್ಕಿ ಹಾಕಿ, ಬೆಣ್ಣೆ ಪೂರ್ತಿ ಬೆರೆತ ಮೇಲೆ ಓಟ್ಸ್ ಮತ್ತು ಉಳಿದದ್ದನ್ನು ಸೇರಿಸಿ, ಒಂದು ಎಸಳೂ ಒಣಗಿ ಉಳಿಯದಂತೆ ಕಲಸಬೇಕು.

ಟ್ರೇಗೆ ಬೇಕಿಂಗಿಗೆಂದೇ ಸಿಗುವ ಕಾಗದವನ್ನು ಹಾಸಬೇಕು. ಬಟರ್ ಪೇಪರ್ ಹೆಸರಿನಲ್ಲಿ ಕೆಲವೆಡೆ ಮಾರುವ ಮೇಣದ ಕಾಗದ ಶಾಖಕ್ಕೆ ಕರಗಿ ಅಂಟಿಕೊಳ್ಳುತ್ತದೆ. ಮಿಶ್ರಣವನ್ನು ಬಟ್ಟಲಿನ ತಳದಿಂದ ಬಲವಾಗಿ, ಮುಖ್ಯವಾಗಿ ಮೂಲೆಗಳಲ್ಲಿ, ಒತ್ತಿ ಸಮ ಮಾಡಿ, ಮೊದಲೇ ಕಾಯಿಸಿಟ್ಟ ಓವನ್ನಿನಲ್ಲಿ 160 ಡಿಗ್ರಿಯಲ್ಲಿ 22ರಿಂದ 25 ನಿಮಿಷ ಬೇಯಿಸಬೇಕು. ಅಂಚು ಹೊಂಬಣ್ಣಕ್ಕೆ ತಿರುಗಿ, ನಡುಭಾಗ ಇನ್ನೂ ಬೆಂದಿಲ್ಲವೇನೋ ಎಂಬಷ್ಟು ಮೆತ್ತಗಿರುವಾಗಲೇ ಹೊರತೆಗೆಯುವುದು ಸರಿ, ಆರುತ್ತಾ ಅದು ಗಟ್ಟಿಯಾಗುತ್ತದೆ. ಬೆಲ್ಲದ ಬಣ್ಣವೇ ಕಂದಾಗಿರುವುದರಿಂದ ಬಣ್ಣವೊಂದನ್ನೇ ನಂಬದೆ ಗಡಿಯಾರವನ್ನೂ ನೋಡಬೇಕು.

ಓವನ್ ಇಲ್ಲದವರು, ಅಥವಾ ಮಳೆಗಾಲದಲ್ಲಿ ಕರೆಂಟನ್ನು ನಂಬಲಾಗದವರು, ಕುಕ್ಕರಿನ ಗ್ಯಾಸ್ಕೆಟ್ ಮತ್ತು ವೆಯ್ಟ್ ತೆಗೆದು, ತಳಕ್ಕೆ ಒಂದು ಇಂಚು ಕಲ್ಲುಪ್ಪು ಹರಡಿ, ಮೇಲೆ ಸ್ಟ್ಯಾಂಡ್ ಇಟ್ಟು ಹತ್ತು ನಿಮಿಷ ಕಾಯಿಸಿ ಬಳಸಬಹುದು. ಕುಕ್ಕರಿಗೆ ಹಿಡಿಸುವ ದುಂಡು ಪಾತ್ರೆಗೆ ಅರ್ಧ ಅಳತೆ ಸಾಕು. ಉರಿ ತೀರ ಸಣ್ಣದಿರಲಿ; ತಳ ಬೇಗ ಕಂದುವುದರಿಂದ ಇಪ್ಪತ್ತು ನಿಮಿಷವಾದಾಗ ಒಮ್ಮೆ ಅಂಚನ್ನು ಎತ್ತಿ ನೋಡುವುದು ಒಳ್ಳೆಯದು. ಮೇಲ್ಭಾಗಕ್ಕೆ ಓವನ್ನಿನ ಬಣ್ಣ ಬರುವುದಿಲ್ಲ, ಜಗಿಯುವ ಹದಕ್ಕೆ ಮಾತ್ರ ಕೊರತೆಯಿಲ್ಲ.

ಹೊರತೆಗೆದ ಹದಿನೈದು ನಿಮಿಷಕ್ಕೆ, ಟ್ರೇಯಲ್ಲೇ ಚಾಕುವಿನಿಂದ ಗೆರೆ ಎಳೆದಿಟ್ಟು, ಪೂರ್ತಿ ಆರಿದ ಮೇಲೆಯೇ ಕತ್ತರಿಸಬೇಕು. ಐದು ಸೆಂಟಿಮೀಟರಿನ 16 ತುಂಡುಗಳಾಗುತ್ತವೆ. ಓಟ್ಸ್ ಇದೆಯೆಂದ ಮಾತ್ರಕ್ಕೆ ಇದನ್ನು ಪಥ್ಯದ ತಿಂಡಿಯೆಂದು ಭಾವಿಸುವುದು ಬೇಡ. ಒಂದೊಂದು ತುಂಡಿನಲ್ಲೂ ಸುಮಾರು 180 ಕಿಲೋಕ್ಯಾಲರಿ ಇರುತ್ತದೆ.

ತೇವ ಹಿಡಿದಿಟ್ಟುಕೊಳ್ಳುವ ಬೆಲ್ಲದ ಗುಣವೇ ಮಲೆನಾಡಿನ ಆಷಾಢದಲ್ಲಿ ತೊಂದರೆ ಕೊಡುತ್ತದೆ. ತೆರೆದಿಟ್ಟ ಬಾರ್ ಒಂದೇ ರಾತ್ರಿಯಲ್ಲಿ ಗಾಳಿಯ ಪಸೆ ಎಳೆದುಕೊಂಡು ಅಂಟಂಟಾಗುತ್ತದೆ. ಪದರಗಳ ನಡುವೆ ಕಾಗದ ಹಾಸಿ ಗಾಳಿಯಾಡದ ಡಬ್ಬದಲ್ಲಿಟ್ಟರೆ ಬೇಸಿಗೆಯಲ್ಲಿ ಒಂದು ವಾರ ಇರುತ್ತದೆ. ಮಳೆಗಾಲದಲ್ಲಿ ಮೂರು ನಾಲ್ಕು ದಿನಕ್ಕೆ ಮುಗಿಸುವಷ್ಟೇ ಮಾಡಿಕೊಳ್ಳುವುದು ಲೇಸು. ಅಂಟಾದ ತುಂಡುಗಳನ್ನು 150 ಡಿಗ್ರಿಯಲ್ಲಿ ಐದು ನಿಮಿಷ ಬಿಸಿ ಮಾಡಿ ಆರಿಸಿದರೆ ಮತ್ತೆ ಸರಿಹೋಗುತ್ತವೆ.