ಕ್ಲ್ಯಾಟ್ ಇನ್ನೊಮ್ಮೆ ಬರೆಯುವ ಮುಂಚೆ: ಹೋದ ಸಲ ಎಲ್ಲಿ ಕೈಕೊಟ್ಟಿತು ನೋಡಿ

ಡಿಸೆಂಬರ್‌ನಲ್ಲಿ ಕ್ಲ್ಯಾಟ್ (ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯಗಳ ಪ್ರವೇಶ ಪರೀಕ್ಷೆ) ಫಲಿತಾಂಶ ಬಂದ ವಾರದಲ್ಲೇ ಕೋಚಿಂಗ್ ಸೆಂಟರ್‌ಗಳ ಫೋನ್ ಶುರುವಾಗುತ್ತದೆ. ರಿಪೀಟರ್ಸ್ ಬ್ಯಾಚ್ ಇದೆ, ಈ ವಾರವೇ ಸೇರಿದರೆ ರಿಯಾಯಿತಿ ಇದೆ ಅನ್ನುತ್ತಾರೆ. ಸೀಟು ಸಿಗದ ಬೇಸರದಲ್ಲಿರುವ ಮನೆಯವರು ದುಡ್ಡು ಕಟ್ಟಿಯೂ ಬಿಡುತ್ತಾರೆ. ಆಮೇಲೆ ಅದೇ ಪುಸ್ತಕ, ಅದೇ ಮಾಕ್ ಟೆಸ್ಟ್, ಇನ್ನೊಂದು ಸುತ್ತು. ಮತ್ತೆ ಪ್ರಯತ್ನಿಸುವುದರಲ್ಲಿ ತಪ್ಪೇನೂ ಇಲ್ಲ. ಆದರೆ ಹೋದ ಸಲ ಸೀಟು ಯಾಕೆ ತಪ್ಪಿತು ಅನ್ನುವುದಕ್ಕೆ ಒಂದೇ ಸಾಲಿನಲ್ಲಿ ಉತ್ತರ ಹೇಳಲು ಆಗುವವರೆಗೆ ಎಲ್ಲೂ ದುಡ್ಡು ಕಟ್ಟಬೇಡಿ.

ಮೊದಲು ಒಂದು ಸಮಾಧಾನ. ಕ್ಲ್ಯಾಟ್ ಇಷ್ಟೇ ಸಲ ಬರೆಯಬೇಕು ಅನ್ನುವ ಮಿತಿ ಇಲ್ಲ. ವಯಸ್ಸಿನ ಮೇಲ್ಮಿತಿಯೂ ಇಲ್ಲ. ಪಿಯುಸಿಯಲ್ಲಿ ಸಾಮಾನ್ಯ ವರ್ಗದವರಿಗೆ ಶೇ 45, ಪರಿಶಿಷ್ಟ ಜಾತಿ, ಪಂಗಡದವರಿಗೆ ಶೇ 40 ಅಂಕ ಬೇಕು, ಅಷ್ಟೆ. ಎರಡನೇ ಸಲ ಬರೆದವರು ಅಂತ ಯಾರೂ ಅಂಕ ಕಡಿಮೆ ಮಾಡುವುದಿಲ್ಲ, ಒಂದು ವರ್ಷ ಯಾಕೆ ಬಿಟ್ಟಿರಿ ಅಂತ ಕೇಳುವುದೂ ಇಲ್ಲ. ಅಮೆರಿಕದ ಲಾ ಸ್ಕೂಲ್‌ಗಳ ಹಾಗೆ ಇಲ್ಲಿ ಪ್ರಬಂಧ, ಶಿಫಾರಸು ಪತ್ರದ ರಗಳೆ ಇಲ್ಲ. ನೋಡುವುದು ರ‍್ಯಾಂಕ್ ಒಂದನ್ನೇ.

ಹಳೆಯ ಪ್ರಶ್ನೆಪತ್ರಿಕೆಗೆ ಒಂದು ಭಾನುವಾರ ಕೊಡಿ

ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯಗಳ ಒಕ್ಕೂಟದ ಜಾಲತಾಣದಲ್ಲಿ ಹಳೆಯ ಪ್ರಶ್ನೆಪತ್ರಿಕೆಗಳೂ ಕೀ ಉತ್ತರಗಳೂ ಸಿಗುತ್ತವೆ. ನೀವು ಬರೆದ ವರ್ಷದ್ದನ್ನು ಪ್ರಿಂಟ್ ತೆಗೆದುಕೊಳ್ಳಿ. ನಿಮ್ಮ ಉತ್ತರಗಳ ಪಕ್ಕದಲ್ಲಿ ಇಟ್ಟುಕೊಂಡು ಹೋದ ಒಂದೊಂದು ಅಂಕದ ಮುಂದೆಯೂ ಕಾರಣ ಬರೆಯಿರಿ. ಕಾರಣಗಳು ಸಾಮಾನ್ಯವಾಗಿ ನಾಲ್ಕೇ: ಗೊತ್ತಿರಲಿಲ್ಲ, ತಪ್ಪು ಓದಿದೆ, ಎರಡರಲ್ಲಿ ತಪ್ಪಾದದ್ದನ್ನು ಆರಿಸಿದೆ, ಟೈಮ್ ಸಾಲಲಿಲ್ಲ. ‘ಸುಮ್ನೆ ಗಡಿಬಿಡಿಯಾಯ್ತು’ ಅಂತ ಬರೆದು ತಪ್ಪಿಸಿಕೊಳ್ಳಬೇಡಿ. ಯಾವ ಗಡಿಬಿಡಿ, ಎಷ್ಟನೇ ಪ್ರಶ್ನೆಯಿಂದ ಶುರುವಾಯಿತು ಅನ್ನುವುದು ಬೇಕು.

ಈ ಪಟ್ಟಿಯೇ ನಿಮ್ಮ ಮುಂದಿನ ತಿಂಗಳುಗಳ ಟೈಮ್ ಟೇಬಲ್. ‘ಗೊತ್ತಿರಲಿಲ್ಲ’ ಅನ್ನುವುದು ಜಾಸ್ತಿ ಇದ್ದರೆ ಓದುವುದು ಬಾಕಿ ಇದೆ ಅಂತ ಅರ್ಥ, ಕೋಚಿಂಗ್‌ನಿಂದ ಉಪಯೋಗ ಆಗಬಹುದು. ‘ಟೈಮ್ ಸಾಲಲಿಲ್ಲ’ ಜಾಸ್ತಿ ಇದ್ದರೆ ಇನ್ನೊಂದು ಗೈಡ್ ತಂದು ಪ್ರಯೋಜನವಿಲ್ಲ.

ಕ್ಲ್ಯಾಟ್ 2024ರಿಂದ ಪ್ರಶ್ನೆಗಳು 150ರಿಂದ 120ಕ್ಕೆ ಇಳಿದಿವೆ. ಸಮಯ ಎರಡು ಗಂಟೆ. ಇಂಗ್ಲಿಷ್ 22ರಿಂದ 26, ಪ್ರಚಲಿತ ವಿದ್ಯಮಾನ ಮತ್ತು ಸಾಮಾನ್ಯ ಜ್ಞಾನ 28ರಿಂದ 32, ಲೀಗಲ್ ರೀಸನಿಂಗ್ (ನಿಯಮವನ್ನು ಸನ್ನಿವೇಶಕ್ಕೆ ಹಚ್ಚುವುದು) 28ರಿಂದ 32, ಲಾಜಿಕಲ್ ರೀಸನಿಂಗ್ (ತರ್ಕ) 22ರಿಂದ 26, ಗಣಿತ 10ರಿಂದ 14. ಅದಕ್ಕೂ ಹಿಂದಿನ ಮಾದರಿಯ ಮಾಕ್ ಟೆಸ್ಟ್‌ಗಳನ್ನು ಈಗಲೂ ಮಾರುವವರಿದ್ದಾರೆ, ನೋಡಿಕೊಂಡು ತೆಗೆದುಕೊಳ್ಳಿ.

ಕನ್ನಡ ಮಾಧ್ಯಮದವರ ನಿಜವಾದ ತೊಡಕು

ಇದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. ಪರೀಕ್ಷೆ ಇಂಗ್ಲಿಷ್‌ನಲ್ಲಿ ಮಾತ್ರ. ಪ್ರಶ್ನೆಗಳು ಬಿಡಿಬಿಡಿಯಾಗಿ ಬರುವುದಿಲ್ಲ. ಸುಮಾರು 450 ಪದಗಳ ಒಂದು ಭಾಗ ಕೊಟ್ಟು ಅದರ ಕೆಳಗೆ ನಾಲ್ಕೈದು ಪ್ರಶ್ನೆ ಕೇಳುತ್ತಾರೆ. ಲೆಕ್ಕ ಹಾಕಿದರೆ ಎರಡು ಗಂಟೆಯಲ್ಲಿ ಓದುವುದೇ ಎಂಟು ಹತ್ತು ಸಾವಿರ ಪದ ಆಗುತ್ತದೆ. ಹತ್ತನೇ ಕ್ಲಾಸ್‌ವರೆಗೆ ಕನ್ನಡದಲ್ಲಿ ಓದಿದ ಜಾಣ ಹುಡುಗ ಹುಡುಗಿಯರು ಎಡವುವುದು ಕಾನೂನಿನ ವಿಷಯದಲ್ಲೂ ಅಲ್ಲ, ತರ್ಕದಲ್ಲೂ ಅಲ್ಲ. ಓದುವ ವೇಗದಲ್ಲಿ. ಕೊನೆಯ ಮೂವತ್ತು ಪ್ರಶ್ನೆಗಳನ್ನು ಅವರು ನೋಡಿಯೇ ಇರುವುದಿಲ್ಲ.

ಇದಕ್ಕೆ ಮದ್ದು ಇದೆ, ಆದರೆ ತಿಂಗಳುಗಟ್ಟಲೆ ಬೇಕು. ಬೆಳಿಗ್ಗೆ ಕನ್ನಡ ಪತ್ರಿಕೆಯಲ್ಲಿ ಒಂದು ಸುದ್ದಿ ಓದಿ. ಸುಪ್ರೀಂ ಕೋರ್ಟ್ ತೀರ್ಪೋ, ಕಾವೇರಿ ನೀರಿನ ವಿಚಾರವೋ, ಯಾವುದಾದರೂ ಆಗಲಿ. ವಿಷಯ ತಲೆಗೆ ಹತ್ತಿದ ಮೇಲೆ ಅದರ ಬಗ್ಗೆಯೇ ಇಂಗ್ಲಿಷ್ ಪತ್ರಿಕೆಯ ಸಂಪಾದಕೀಯ ಓದಿ. ವಿಷಯ ಮೊದಲೇ ಗೊತ್ತಿರುವುದರಿಂದ ಪದಗಳ ಅರ್ಥ ಸಂದರ್ಭದಲ್ಲೇ ಸಿಗುತ್ತದೆ, ಸಾಲುಸಾಲಿಗೂ ಡಿಕ್ಷನರಿ ತೆಗೆಯಬೇಕಾಗುವುದಿಲ್ಲ. ಮೊದಲ ತಿಂಗಳು ವೇಗದ ಚಿಂತೆ ಬೇಡ. ಎರಡನೇ ತಿಂಗಳಿಂದ ಮೊಬೈಲ್‌ನಲ್ಲಿ ಟೈಮರ್ ಇಟ್ಟು ಓದಿ. 450 ಪದಕ್ಕೆ ಎರಡೂವರೆ ನಿಮಿಷ ಹಿಡಿದರೆ ಪ್ರಶ್ನೆಗಳಿಗೆ ಸಮಯ ಉಳಿಯುತ್ತದೆ. ಐದು ನಿಮಿಷ ಹಿಡಿದರೆ ಉಳಿಯುವುದಿಲ್ಲ.

ಲೀಗಲ್ ರೀಸನಿಂಗ್‌ಗೂ ಇದೇ ಮಾತು. ಕಾನೂನು ಮೊದಲೇ ಗೊತ್ತಿರಬೇಕಿಲ್ಲ. ಕೊಟ್ಟ ಭಾಗದಲ್ಲಿರುವ ನಿಯಮವನ್ನು ಕೊಟ್ಟ ಸನ್ನಿವೇಶಕ್ಕೆ ಹಚ್ಚಬೇಕು, ಅಷ್ಟೆ. ಐಪಿಸಿ ಬದಲು ಬಂದ ಭಾರತೀಯ ನ್ಯಾಯ ಸಂಹಿತೆಯ ಕಲಂಗಳನ್ನು ಬಾಯಿಪಾಠ ಮಾಡುತ್ತಾ ಕೂತವರಿಗೆ ಕೆಲವೊಮ್ಮೆ ಅದೇ ತೊಂದರೆ ಕೊಡುತ್ತದೆ. ಪತ್ರಿಕೆಯಲ್ಲಿ ಕೊಟ್ಟ ನಿಯಮ ಬಿಟ್ಟು ತಮಗೆ ಗೊತ್ತಿರುವ ನಿಯಮದ ಮೇಲೆ ಉತ್ತರ ಬರೆದುಬಿಡುತ್ತಾರೆ. ಈ ವಿಭಾಗಕ್ಕೆ ಇನ್ನೊಂದು ಮಹತ್ವವೂ ಇದೆ. ಇಬ್ಬರ ಒಟ್ಟು ಅಂಕ ಒಂದೇ ಆದರೆ ಇದರಲ್ಲಿ ಜಾಸ್ತಿ ತೆಗೆದವರಿಗೆ ಮೇಲಿನ ರ‍್ಯಾಂಕ್.

ಗಣಿತವನ್ನು ಪೂರ್ತಿ ಬಿಟ್ಟು ಬಂದಿದ್ದೀರಾ? ಕಲಾ ವಿಭಾಗದವರು ತುಂಬ ಜನ ಬಿಡುತ್ತಾರೆ. ಅದು ಎಸ್ಸೆಸ್ಸೆಲ್ಸಿ ಮಟ್ಟದ್ದು. ಶೇಕಡಾವಾರು, ಅನುಪಾತ, ಸರಾಸರಿ, ಚಾರ್ಟ್ ಓದುವುದು. ಎರಡು ತಿಂಗಳು ದಿನಕ್ಕೆ ಅರ್ಧ ಗಂಟೆ ಸಾಕು. ಪ್ರಚಲಿತ ವಿದ್ಯಮಾನಕ್ಕೆ ಹೋದ ವರ್ಷದ ನೋಟ್ಸ್ ಬಹುಪಾಲು ರದ್ದಿ, ಹೊಸದಾಗಿಯೇ ಮಾಡಿಕೊಳ್ಳಿ.

ಊಹೆಯ ಲೆಕ್ಕ

ಸರಿ ಉತ್ತರಕ್ಕೆ ಒಂದು ಅಂಕ, ತಪ್ಪಿಗೆ 0.25 ಕಡಿತ. ನೆಗೆಟಿವ್ ಮಾರ್ಕ್ಸ್ ಹೆದರಿಕೆಗೆ ಇಪ್ಪತ್ತು ಮೂವತ್ತು ಪ್ರಶ್ನೆ ಖಾಲಿ ಬಿಟ್ಟು ಬರುವವರಿದ್ದಾರೆ. ಲೆಕ್ಕ ನೋಡಿ. ನಾಲ್ಕು ಆಯ್ಕೆಗಳಿರುವ 16 ಪ್ರಶ್ನೆಗಳಿಗೆ ಕಣ್ಣುಮುಚ್ಚಿ ಗುರುತು ಹಾಕಿದರೆ ಸರಾಸರಿ 4 ಸರಿ, 12 ತಪ್ಪು. ನಾಲ್ಕು ಅಂಕ ಬಂದು ಮೂರು ಹೋಗುತ್ತದೆ. ಉಳಿಯುವುದು ಒಂದು, ಅದೂ ಅದೃಷ್ಟ ಇದ್ದರೆ. ಅದೇ 16ರಲ್ಲಿ ಎರಡೆರಡು ಆಯ್ಕೆಗಳನ್ನು ಖಚಿತವಾಗಿ ತೆಗೆದುಹಾಕಲು ಆದರೆ ಸರಾಸರಿ 8 ಸರಿ, 8 ತಪ್ಪು. ಎಂಟರಲ್ಲಿ ಎರಡು ಕಳೆದರೂ ಆರು ಅಂಕ ಕೈಗೆ ಬಂತು. ಆರು ಅಂಕಕ್ಕೆ ಸಾವಿರಗಟ್ಟಲೆ ರ‍್ಯಾಂಕ್ ಮೇಲೆ ಕೆಳಗೆ ಆಗುವ ಪರೀಕ್ಷೆ ಇದು. ಎರಡು ಆಯ್ಕೆ ಹೋದ ಮೇಲೂ ಖಾಲಿ ಬಿಟ್ಟ ಪ್ರಶ್ನೆಗಳು ಎಷ್ಟಿದ್ದವು ಅಂತ ಹಳೆಯ ಪತ್ರಿಕೆಯಲ್ಲಿ ಎಣಿಸಿ.

ಮಾಕ್ ಟೆಸ್ಟ್‌ಗಳನ್ನು ಮೊಬೈಲ್ ಆ್ಯಪ್‌ನಲ್ಲೇ ಬರೆದು ಅಭ್ಯಾಸವಾದವರಿಗೆ ಒಂದು ಮಾತು. ನಿಜವಾದ ಪರೀಕ್ಷೆ ಪೆನ್ನು, ಕಾಗದದ್ದು. ಓಎಂಆರ್ ಹಾಳೆಯಲ್ಲಿ 120 ವೃತ್ತ ತುಂಬುವುದಕ್ಕೂ ಸಮಯ ಹೋಗುತ್ತದೆ. ಈಚಿನ ವರ್ಷಗಳಲ್ಲಿ ಪರೀಕ್ಷೆ ಮಧ್ಯಾಹ್ನ 2ರಿಂದ 4. ಊಟದ ಮೇಲೆ ಕಣ್ಣೆಳೆಯುವ ಹೊತ್ತು ಅದು. ಮಾಕ್‌ಗಳನ್ನೂ ಅದೇ ಹೊತ್ತಿಗೆ, ಹಾಳೆಯ ಮೇಲೆ ಬರೆಯಿರಿ.

ಅರ್ಜಿಯಲ್ಲೇ ಕಳೆದುಕೊಂಡ ಸೀಟು

ಅಂಕ ಬಂದೂ ಸೀಟು ಸಿಗದವರು ಇದ್ದಾರೆ. ಕಾರಣ ಹೆಚ್ಚಾಗಿ ಕಾಗದಪತ್ರ.

ಬೆಂಗಳೂರಿನ ನಾಗರಭಾವಿಯಲ್ಲಿರುವ ನ್ಯಾಷನಲ್ ಲಾ ಸ್ಕೂಲ್‌ನಲ್ಲಿ ಕರ್ನಾಟಕದ ವಿದ್ಯಾರ್ಥಿಗಳಿಗೆ ಶೇ 25 ಮೀಸಲಾತಿ ಇದೆ. ಇದು ಮನೆ ವಿಳಾಸ ನೋಡಿ ಕೊಡುವುದಲ್ಲ. ಕರ್ನಾಟಕದ ಮಾನ್ಯತೆ ಪಡೆದ ಸಂಸ್ಥೆಗಳಲ್ಲಿ ಕನಿಷ್ಠ ಹತ್ತು ವರ್ಷ ಓದಿರಬೇಕು. ಮುಂಬೈಯಲ್ಲೇ ಓದಿ ಬೆಳೆದ ಕನ್ನಡದ ಹುಡುಗಿಗೆ ಇದು ಸಿಗುವುದಿಲ್ಲ, ಬೆಂಗಳೂರಿನಲ್ಲಿ ಹತ್ತು ವರ್ಷ ಓದಿದ ಬಿಹಾರದ ಹುಡುಗನಿಗೆ ಸಿಗುತ್ತದೆ. ಕ್ಲ್ಯಾಟ್ ಅರ್ಜಿ ತುಂಬುವಾಗಲೇ ಈ ಆಯ್ಕೆ ಗುರುತಿಸಿ. ಶಾಲೆ ಬದಲಾಯಿಸಿದ್ದರೆ ಎಲ್ಲ ಶಾಲೆಗಳಿಂದಲೂ ವ್ಯಾಸಂಗ ಪ್ರಮಾಣಪತ್ರ ತನ್ನಿ. ಬೇಸಿಗೆ ರಜೆಗೆ ಮುಂಚೆಯೇ ಹೋಗಿ, ಆಮೇಲೆ ಹೆಡ್‌ಮಾಸ್ಟರ್ ಸಿಗುವುದಿಲ್ಲ.

ಜಾತಿ ಪ್ರಮಾಣಪತ್ರದಲ್ಲೂ ಗೊಂದಲವಿದೆ. ನಮ್ಮ ರಾಜ್ಯದ 2ಎ, 3ಬಿ ಲೆಕ್ಕ ಬೇರೆ, ಕೇಂದ್ರದ ಒಬಿಸಿ ಪಟ್ಟಿ ಬೇರೆ. ಕಾಲೇಜು ಕೇಳುವುದು ಯಾವುದನ್ನು ಅಂತ ನೋಡಿಕೊಂಡೇ ನಾಡಕಚೇರಿಗೆ ಹೋಗಿ. ಆದಾಯಕ್ಕೆ ಸಂಬಂಧಪಟ್ಟ ಪತ್ರ ಹೋದ ವರ್ಷದ್ದಿದ್ದರೆ ಹೊಸದು ಮಾಡಿಸಬೇಕಾ ಅಂತ ನೋಡಿಕೊಳ್ಳಿ.

ಒಂದು ವರ್ಷ ಮನೆಯಲ್ಲಿ ಕೂರಬೇಕಾ?

ಎಲ್ಲರೂ ಕೇಳುವ ಪ್ರಶ್ನೆ ಇದು. ಉತ್ತರಕ್ಕೆ ಮುಂಚೆ, ಕಾನೂನು ಶಿಕ್ಷಣಕ್ಕೂ ವಕೀಲಿಕೆಗೂ ನಿಯಮ ಮಾಡುವ ಬಾರ್ ಕೌನ್ಸಿಲ್ ಆಫ್ ಇಂಡಿಯಾದ ಎರಡು ನಿಯಮ ತಿಳಿದಿರಲಿ. ಒಂದು, ಐದು ವರ್ಷದ ಲಾ ಕೋರ್ಸ್‌ಗೆ ಮಧ್ಯದಲ್ಲಿ ಸೇರುವ ಹಾಗಿಲ್ಲ. ಬಿ.ಎ. ಮುಗಿಸಿದ್ದೇನೆ, ನೇರ ಮೂರನೇ ವರ್ಷಕ್ಕೆ ಸೇರಿಸಿಕೊಳ್ಳಿ ಅಂತ ಕೇಳಲು ಬರುವುದಿಲ್ಲ. ಎರಡು, ಒಟ್ಟೊಟ್ಟಿಗೆ ಎರಡು ರೆಗ್ಯುಲರ್ ಕೋರ್ಸ್ ಮಾಡುವ ಹಾಗಿಲ್ಲ. ಅಂದರೆ ಈಗ ಊರಿನ ಲಾ ಕಾಲೇಜು ಸೇರಿ, ಮುಂದಿನ ವರ್ಷ ರ‍್ಯಾಂಕ್ ಬಂದರೆ ಇದನ್ನು ಬಿಟ್ಟು ಅಲ್ಲಿ ಮೊದಲ ವರ್ಷದಿಂದಲೇ ಶುರು ಮಾಡಬೇಕು. ಕಾಲೇಜು ಬಿಡುವಾಗ ಒರಿಜಿನಲ್ ಮಾರ್ಕ್ಸ್ ಕಾರ್ಡ್, ಟಿ.ಸಿ. ಯಾವ ಷರತ್ತಿನ ಮೇಲೆ ಕೊಡುತ್ತಾರೆ ಅಂತ ಸೇರುವ ದಿನವೇ ಕೇಳಿಟ್ಟುಕೊಳ್ಳಿ.

ಈಗ ಕೂಡಿಸಿ ಕಳೆದು ನೋಡಿ. ಒಂದು ವರ್ಷ ಗ್ಯಾಪ್, ಆಮೇಲೆ ಐದು ವರ್ಷದ ಕೋರ್ಸ್: ಆರು ವರ್ಷ. ಮೂರು ವರ್ಷದ ಡಿಗ್ರಿ, ಆಮೇಲೆ ಮೂರು ವರ್ಷದ ಎಲ್‌ಎಲ್‌.ಬಿ.: ಅದೂ ಆರು ವರ್ಷ. ಎರಡು ಸಲ ಗ್ಯಾಪ್ ತೆಗೆದುಕೊಂಡರೆ ಏಳು. ಹಾಗಾಗಿ ನನ್ನ ಅಭಿಪ್ರಾಯ ಇಷ್ಟು. ಮೊದಲ ಸಲ ಸ್ವಲ್ಪದರಲ್ಲಿ ತಪ್ಪಿದ್ದರೆ, ತಪ್ಪಿದ ಜಾಗ ಸ್ಪಷ್ಟವಾಗಿ ಗೊತ್ತಿದ್ದರೆ, ಒಂದು ಗ್ಯಾಪ್ ಪರವಾಗಿಲ್ಲ. ಎರಡು ಸಲ ಬರೆದಾಗಿದ್ದರೆ ಮೂರನೆಯದಕ್ಕೆ ಮನೆಯಲ್ಲಿ ಕೂರಬೇಡಿ. ಬಿ.ಎ.ಗೋ ಬಿ.ಕಾಂ.ಗೋ ಸೇರಿಕೊಂಡೇ ಬರೆಯಿರಿ. ರ‍್ಯಾಂಕ್ ಬಂದರೆ ಹೋಗಿ, ಬರದಿದ್ದರೆ ಡಿಗ್ರಿ ಕೈಯಲ್ಲಿರುತ್ತದೆ. ವಕೀಲಿಕೆಯ ಸನ್ನದು ಕೊಡುವಾಗ ಬಾರ್ ಕೌನ್ಸಿಲ್ ಐದು ವರ್ಷದ ಪದವಿ, ಮೂರು ವರ್ಷದ ಪದವಿ ಅಂತ ಭೇದ ಮಾಡುವುದಿಲ್ಲ.

ಬೇರೆ ಬಾಗಿಲುಗಳು

ಡಿಗ್ರಿ ಆದವರಿಗೆ ನ್ಯಾಷನಲ್ ಲಾ ಸ್ಕೂಲ್‌ನಲ್ಲೇ ಮೂರು ವರ್ಷದ ಎಲ್‌ಎಲ್‌.ಬಿ. ಇದೆ. 2022ರಲ್ಲಿ ಶುರುವಾದದ್ದು. ಅದರ ಪ್ರವೇಶ ಪರೀಕ್ಷೆ ಎನ್‌ಎಲ್‌ಸ್ಯಾಟ್‌ನಲ್ಲಿ 75 ಅಂಕಕ್ಕೆ ಬಹು ಆಯ್ಕೆ, 75 ಅಂಕಕ್ಕೆ ಬರವಣಿಗೆ. ಓದುವ ವೇಗ ಕಡಿಮೆ ಇದ್ದರೂ ಯೋಚಿಸಿ ಬರೆಯಬಲ್ಲವರಿಗೆ ಕ್ಲ್ಯಾಟ್‌ಗಿಂತ ಇದು ಒಗ್ಗಬಹುದು. ದೆಹಲಿ ವಿಶ್ವವಿದ್ಯಾಲಯದ ಮೂರು ವರ್ಷದ ಕೋರ್ಸ್‌ಗೆ ಈಗ ಸಿಯುಇಟಿ ಪಿಜಿ ಅನ್ನುವ ರಾಷ್ಟ್ರಮಟ್ಟದ ಪ್ರವೇಶ ಪರೀಕ್ಷೆ ಬರೆಯಬೇಕು. ದೆಹಲಿಯ ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯ ಕ್ಲ್ಯಾಟ್‌ನ ಹೊರಗಿದೆ, ಅದರದ್ದು ಐಲೆಟ್ ಅನ್ನುವ ಬೇರೆ ಪ್ರವೇಶ ಪರೀಕ್ಷೆ. ಅಲ್ಲಿ ಈಗ ಲೀಗಲ್ ರೀಸನಿಂಗ್ ವಿಭಾಗವೇ ಇಲ್ಲ. 150ರಲ್ಲಿ 70 ಪ್ರಶ್ನೆ ತರ್ಕದ್ದು. ತರ್ಕ ಗಟ್ಟಿ ಇದ್ದವರು ತಪ್ಪದೆ ಬರೆಯಿರಿ.

ಇನ್ನು ನಮ್ಮ ಮನೆಬಾಗಿಲಿನದು. ಹುಬ್ಬಳ್ಳಿಯ ಕರ್ನಾಟಕ ರಾಜ್ಯ ಕಾನೂನು ವಿಶ್ವವಿದ್ಯಾಲಯ 2009ರಲ್ಲಿ ಶುರುವಾಯಿತು. ಬೆಳಗಾವಿಯ ರಾಜಾ ಲಖಮಗೌಡ, ಉಡುಪಿಯ ವೈಕುಂಠ ಬಾಳಿಗಾ, ಮಂಗಳೂರಿನ ಎಸ್‌ಡಿಎಂ ಮೊದಲಾದ ಕಾಲೇಜುಗಳು ಅದರಡಿ ಇವೆ. ಇಂಥ ಕಾಲೇಜುಗಳಿಗೆ ಕ್ಲ್ಯಾಟ್ ಬೇಕಿಲ್ಲ, ಪಿಯುಸಿ ಅಥವಾ ಡಿಗ್ರಿ ಅಂಕ ಸಾಕು. ಊರಿನ ಕೋರ್ಟಿನಲ್ಲಿ ವಕೀಲಿಕೆ ಮಾಡುವ, ಸಿವಿಲ್ ಜಡ್ಜ್ ಪರೀಕ್ಷೆ ಬರೆಯುವ ಆಸೆ ಇರುವವರು ಇವನ್ನು ಸೋತವರ ಜಾಗ ಅಂದುಕೊಳ್ಳಬಾರದು. ವರ್ಷಕ್ಕೆ ಲಕ್ಷಗಟ್ಟಲೆ ಫೀಸಿನ ಸಾಲವೂ ತಪ್ಪುತ್ತದೆ. ಪಿಯುಸಿ ಅಂಕವೇ ಕಡಿಮೆ ಅಂತ ಅರ್ಜಿ ತಿರಸ್ಕಾರವಾಗಿದ್ದರೆ, ದ್ವಿತೀಯ ಪಿಯುಸಿಗೆ 2024ರಿಂದ ಬಂದ ‘ಪರೀಕ್ಷೆ 2’ (ಅದೇ ವರ್ಷದ ಎರಡನೇ ಅವಕಾಶ) ಬರೆದು ಅಂಕ ಹೆಚ್ಚಿಸಿಕೊಳ್ಳುವ ದಾರಿ ಇದೆಯಾ ಅಂತ ನಿಮ್ಮ ಕಾಲೇಜಿನಲ್ಲಿ ವಿಚಾರಿಸಿ.

ಅರ್ಜಿಯಿಂದ ಕೌನ್ಸೆಲಿಂಗ್‌ವರೆಗೆ

ಅರ್ಜಿ ಜುಲೈ ಆಗಸ್ಟ್ ಹೊತ್ತಿಗೆ ಶುರುವಾಗಿ ಅಕ್ಟೋಬರ್ ಸುಮಾರಿಗೆ ಮುಗಿಯುತ್ತದೆ. ಪರೀಕ್ಷೆ ಡಿಸೆಂಬರ್‌ನಲ್ಲಿ. ಶುಲ್ಕ ಈಚಿನ ವರ್ಷಗಳಲ್ಲಿ 4000 ರೂಪಾಯಿ, ಪರಿಶಿಷ್ಟರಿಗೆ ಮತ್ತು ಬಡತನ ರೇಖೆಗಿಂತ ಕೆಳಗಿನವರಿಗೆ 3500. ನೋಂದಾಯಿಸಿದವರಿಗೆ ಒಕ್ಕೂಟವೇ ಮಾದರಿ ಪತ್ರಿಕೆ ಕೊಡುತ್ತದೆ, ಅದಕ್ಕಾಗಿ ಬೇಗ ಅರ್ಜಿ ಹಾಕಿ.

ಕೌನ್ಸೆಲಿಂಗ್‌ನಲ್ಲಿ ಕಾಲೇಜುಗಳ ಪಟ್ಟಿಯನ್ನು ನಿಮಗೆ ನಿಜವಾಗಿ ಬೇಕಾದ ಕ್ರಮದಲ್ಲೇ ಕೊಡಿ. ‘ಅಲ್ಲಿ ಸಿಗಲಿಕ್ಕಿಲ್ಲ’ ಅಂತ ಕೆಳಗೆ ಹಾಕಿದರೆ, ಸಿಗುವ ಸೀಟನ್ನು ನೀವೇ ಬಿಟ್ಟುಕೊಟ್ಟ ಹಾಗೆ. ಯಾವ ರ‍್ಯಾಂಕ್‌ಗೆ ಎಲ್ಲಿ ಸೀಟು ಮುಗಿಯಿತು ಅನ್ನುವುದಕ್ಕೆ ಹಿಂದಿನ ವರ್ಷದ ಹಂಚಿಕೆ ಪಟ್ಟಿಗಳನ್ನು ಸುತ್ತು ಸುತ್ತಾಗಿ ನೋಡಿ. ಮೊದಲ ಸುತ್ತಿಗೂ ಕೊನೆಯ ಸುತ್ತಿಗೂ ತುಂಬ ವ್ಯತ್ಯಾಸ ಇರುತ್ತದೆ. ಸೀಟು ಬಂದಾಗ ಮೂರು ಆಯ್ಕೆ. ಫ್ರೀಜ್ ಅಂದರೆ ಇದೇ ಸಾಕು. ಫ್ಲೋಟ್ ಅಂದರೆ ಇದು ಇರಲಿ, ಮೇಲಿನದು ಸಿಕ್ಕರೆ ಕೊಡಿ. ಎಕ್ಸಿಟ್ ಅಂದರೆ ಪ್ರಕ್ರಿಯೆಯಿಂದಲೇ ಹೊರಗೆ. ಮೊದಲ ಸುತ್ತಿನ ಬೇಸರಕ್ಕೆ ಎಕ್ಸಿಟ್ ಒತ್ತಬೇಡಿ, ಅಲ್ಲಿಂದ ವಾಪಸ್ ಬರುವ ದಾರಿ ಇಲ್ಲ.

ಫ್ರೀಜ್, ಫ್ಲೋಟ್ ಎರಡಕ್ಕೂ ದುಡ್ಡು ಕಟ್ಟಲು ಸಿಗುವುದು ಕೆಲವೇ ದಿನ, ಮೊತ್ತವೂ ಸಣ್ಣದಲ್ಲ. ಸಾಲ ಬೇಕಿದ್ದರೆ ಬ್ಯಾಂಕಿನವರ ಹತ್ತಿರ ನವೆಂಬರ್‌ನಲ್ಲೇ ಮಾತಾಡಿ ಇಡಿ. ಹಂಚಿಕೆ ಪತ್ರ ಹಿಡಿದು ಹೋದಾಗ ಮ್ಯಾನೇಜರ್ ರಜೆಯಲ್ಲಿದ್ದರೆ ಒಕ್ಕೂಟದವರು ಕಾಯುವುದಿಲ್ಲ.